ಹೊರಡುವ ಮುನ್ನ ನೆಟ್ ತೆಗೆದು ನೋಡಿ

ನಂಜನಗೂಡು, ತಿ. ನರಸೀಪುರದ ಕಡೆಗೆ ವೆಬ್ ಅಪ್ಲಿಕೇಶನ್ ಹಾಕಲು ಬರುವ ಡೆವಲಪರ್ ಮಿತ್ರರಿಗೆ ಒಂದು ಬಹಿರಂಗ ಪತ್ರ

ಮಿತ್ರರೇ,

ನಿಮ್ಮಲ್ಲಿ ಬಹಳ ಜನ ಈ ಕಡೆಯವರೇ. ಬನ್ನೂರು, ಸೋಸಲೆ, ಮೂಗೂರು, ಹುಲ್ಲಹಳ್ಳಿ, ಬದನವಾಳು ಎಂದು ಊರ ಹೆಸರು ಹೇಳಿಕೊಂಡೇ ಪರಿಚಯ ಮಾಡಿಕೊಳ್ಳುತ್ತೀರಿ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೂತು ಬರೆದ ಅಪ್ಲಿಕೇಶನ್ನನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ನಂಜನಗೂಡಿನ ಕೈಗಾರಿಕಾ ಪ್ರದೇಶಕ್ಕೋ ನರಸೀಪುರದ ಯಾವುದಾದರೂ ಕಚೇರಿಗೋ ಬರುತ್ತೀರಿ. ‘ಒಂದು ಗಂಟೆ ಕೆಲಸ ಸಾರ್, ಮಧ್ಯಾಹ್ನದ ಬಸ್ಸಿಗೆ ವಾಪಸ್’ ಅನ್ನುತ್ತೀರಿ. ಸಂಜೆ ದೀಪ ಹಚ್ಚುವ ಹೊತ್ತಿಗೂ ಸರ್ವರ್ ಕೋಣೆಯಲ್ಲೇ ಇರುತ್ತೀರಿ. ಅಷ್ಟರಲ್ಲಿ ‘ನಮ್ಮ ಆಫೀಸಲ್ಲಿ ಓಡ್ತಿತ್ತು ಸಾರ್’ ಎಂಬ ಮಾತು ಎಷ್ಟೋ ಸಲ ಬಂದುಹೋಗಿರುತ್ತದೆ. ಈ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಓಡುತ್ತಿತ್ತು ಎನ್ನುವುದನ್ನು ನಾನು ನಂಬುತ್ತೇನೆ. ಯಾಕೆ ಓಡುತ್ತಿತ್ತು ಎನ್ನುವುದಷ್ಟೇ ನನ್ನ ಪ್ರಶ್ನೆ.

ಇಲ್ಲಿಯ ಸರ್ವರ್‌ಗೆ ಇಂಟರ್ನೆಟ್ ಇಲ್ಲ. ಯಾರೋ ಬಿಲ್ ಕಟ್ಟದೆ ನಿಂತದ್ದಲ್ಲ, ಬೇಕೆಂದೇ ಕೊಡದಿರುವುದು. ಅದನ್ನು ಹಿಂದುಳಿದ ಊರಿನ ಲಕ್ಷಣ ಎಂದುಕೊಂಡು ಮೂಗು ಮುರಿಯುವವರನ್ನು ನೋಡಿದ್ದೇನೆ. ಔಷಧ ತಯಾರಿಸುವ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಅಮೆರಿಕಕ್ಕೆ ಮಾಲು ಕಳಿಸಬೇಕಾದರೆ ಅಲ್ಲಿನ ಎಫ್‌ಡಿಎ 1997ರಲ್ಲಿ ತಂದ ‘21 ಸಿಎಫ್‌ಆರ್ ಪಾರ್ಟ್ 11’ ಎಂಬ ನಿಯಮಕ್ಕೆ ಒಳಪಡಬೇಕು. ಕಂಪ್ಯೂಟರಿನಲ್ಲಿ ಯಾರು, ಯಾವಾಗ, ಏನನ್ನು ತಿದ್ದಿದರು ಎಂಬುದಕ್ಕೆ ದಾಖಲೆ ಇರಬೇಕು. ಒಮ್ಮೆ ಪರೀಕ್ಷಿಸಿ ಸಹಿ ಹಾಕಿದ ಯಂತ್ರದೊಳಗೆ ರಾತ್ರೋರಾತ್ರಿ ಅಪ್‌ಡೇಟ್ ಬಂದು ಕೂರುವಂತಿಲ್ಲ. ಆದ್ದರಿಂದ ಬಾಗಿಲು ಮುಚ್ಚಿರುತ್ತಾರೆ. ನೂಲಿನ ಗಿರಣಿಯಲ್ಲಿ, ಸಕ್ಕರೆ ಕಾರ್ಖಾನೆಯಲ್ಲಿ ಕಾರಣ ಬೇರೆ ಇರಬಹುದು, ಬಾಗಿಲು ಅದೇ.

ಹೀಗೆ ನೆಟ್ ಇಲ್ಲದೆ ಕೆಲಸ ನಡೆಸುವುದು ಹೊಸದೂ ಅಲ್ಲ. ಸುಮಾರು 25 ವರ್ಷದ ಹಿಂದೆ ‘ಭೂಮಿ’ ಯೋಜನೆ ಬಂದಾಗ ರಾಜ್ಯದ 177 ತಾಲ್ಲೂಕುಗಳಲ್ಲಿ ಪಹಣಿ ಕಂಪ್ಯೂಟರಿಗೆ ಏರಿತು. ಎನ್‌ಐಸಿಯವರು ಬರೆದ ಸಾಫ್ಟ್‌ವೇರ್. ಮದ್ದೂರಿನಲ್ಲಿ ಮೊದಲ ಪ್ರಯೋಗ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು. ಆಗ 15 ರೂಪಾಯಿ ಕೊಟ್ಟರೆ ಕೈಗೆ ಪ್ರಿಂಟು ಸಿಗುತ್ತಿತ್ತು. ಕೌಂಟರಿನಲ್ಲಿ ಎರಡು ಪರದೆ, ಒಂದು ಸಿಬ್ಬಂದಿಗೆ, ಇನ್ನೊಂದು ಕಿಟಕಿಯ ಆಚೆ ನಿಂತ ರೈತನಿಗೆ. ತನ್ನ ಸರ್ವೆ ನಂಬರಿನ ಮೇಲೆ ಏನು ಟೈಪಾಗುತ್ತಿದೆ ಎಂದು ಅವನೂ ನೋಡಬಹುದಿತ್ತು. ಲಾಗಿನ್‌ಗೆ ಬೆರಳಚ್ಚು. ಆ ಕಾಲಕ್ಕೆ ತಾಲ್ಲೂಕಿಗೊಂದು ಸರ್ವರ್, ಒಂದೊಂದೂ ಒಂದೊಂದು ದ್ವೀಪ. ಬೇಕಾದದ್ದನ್ನೆಲ್ಲ, ಕನ್ನಡದ ಅಕ್ಷರಗಳನ್ನೂ ಸೇರಿಸಿ, ಸಾಫ್ಟ್‌ವೇರೇ ಹೊತ್ತು ತಂದಿತ್ತು. ಹೊರಗಿನಿಂದ ತರಿಸಿಕೊಳ್ಳುತ್ತೇನೆ ಎನ್ನಲು ಹೊರಗೆ ಏನೂ ಇರಲಿಲ್ಲ. ಆಮೇಲೆ ಕೆಸ್ವಾನ್ ಜಾಲ ಬಂತು, ಬೆಂಗಳೂರಿನಲ್ಲಿ ರಾಜ್ಯ ಡೇಟಾ ಸೆಂಟರ್ ಬಂತು, ದ್ವೀಪಗಳ ನಡುವೆ ಸೇತುವೆ ಕಟ್ಟಿದಂತಾಯಿತು. ಒಳ್ಳೆಯದೇ ಆಯಿತು. ಆದರೆ ಹೊತ್ತು ತರುವ ಅಭ್ಯಾಸ ಆ ಸೇತುವೆ ಬಂದ ಮೇಲೆ ಹೋಯಿತು ಎಂದು ನನಗೆ ಅನ್ನಿಸುತ್ತದೆ.

ನಿಮ್ಮ ಅಪ್ಲಿಕೇಶನ್ ಸಾಲದ ಮೇಲೆ ಸಂಸಾರ ನಡೆಸುತ್ತಿದೆ. ಫಾಂಟ್ ಗೂಗಲಿನಿಂದ, ಜೆಕ್ವೆರಿ ಯಾವುದೋ ಸಿಡಿಎನ್‌ನಿಂದ, ಗಡಿಯಾರ ಇನ್ನಾರದೋ. ನೆಟ್ ಇರುವವರೆಗೆ ಸಾಲ ಕಾಣುವುದಿಲ್ಲ. ಮುಚ್ಚಿದ ಸರ್ವರ್ ಮಾಡುವುದು ಇಷ್ಟೇ, ಸಾಲದ ಪಟ್ಟಿಯನ್ನು ಒಂದೇ ಬೆಳಿಗ್ಗೆ ಎದುರಿಗೆ ಇಡುತ್ತದೆ.

ಒಂದು ಕಾರ್ಖಾನೆಯ ಗೇಟ್‌ಪಾಸ್ ಅಪ್ಲಿಕೇಶನ್ನಿನ ವಿಷಯ ಹೇಳುತ್ತೇನೆ. ಯಾವ ಕಾರ್ಖಾನೆ, ಯಾವ ಕಂಪನಿ ಬರೆದದ್ದು ಎಂಬುದು ಬೇಡ. ಲಾರಿ ಗೇಟಿಗೆ ಬಂದಾಗ ನಂಬರ್, ಚಾಲಕನ ಹೆಸರು, ಮಾಲಿನ ವಿವರ ಹಾಕಿ ಚೀಟಿ ಕೊಡಬೇಕು. ಇನ್‌ಸ್ಟಾಲ್ ಆಯಿತು, ಸರ್ವರ್ ಎದ್ದಿತು, ಲಾಗ್‌ನಲ್ಲಿ ಒಂದೂ ತಪ್ಪಿಲ್ಲ. ಗೇಟಿನ ಕಂಪ್ಯೂಟರಿನಲ್ಲಿ ತೆರೆದರೆ ಬಿಳಿ ಹಾಳೆ. ಹುಡುಗರು ಸರ್ವರನ್ನು ನಿಲ್ಲಿಸಿದರು, ಏಳಿಸಿದರು, ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದರು. ಹೊರಗೆ ಲಾರಿಗಳ ಸಾಲು ಬೆಳೆಯಿತು. ಸೆಕ್ಯುರಿಟಿಯವರು ಹಳೇ ಕಾರ್ಬನ್ ಪುಸ್ತಕ ತೆಗೆದರು. ಬ್ರೌಸರಿನ ಡೆವಲಪರ್ ಟೂಲ್ಸ್ ತೆರೆದು ನೆಟ್‌ವರ್ಕ್ ಟ್ಯಾಬ್ ನೋಡಿ ಎಂದೆ. ಕೆಂಪು ಸಾಲುಗಳು: ಒಂದು ಫಾಂಟ್, ಒಂದು ಐಕಾನ್ ಸಂಗ್ರಹ, ಜೆಕ್ವೆರಿ, ಮತ್ತು ಪುಟಕ್ಕೆ ಎಷ್ಟು ಜನ ಬಂದರು ಎಂದು ಎಣಿಸುವ ಒಂದು ಸ್ಕ್ರಿಪ್ಟ್. ಕಾಂಪೌಂಡಿನೊಳಗಿನ ಗೇಟ್‌ಪಾಸಿಗೆ ಸಂದರ್ಶಕರ ಲೆಕ್ಕ ಯಾರಿಗೆ ಬೇಕಿತ್ತೋ! ಪುಟದ ತಲೆಯಲ್ಲೇ ಕೂತಿದ್ದ ಆ ಸ್ಕ್ರಿಪ್ಟ್ ಬರುವವರೆಗೂ ಬ್ರೌಸರ್ ಉಳಿದದ್ದನ್ನು ತೋರಿಸದೆ ಕಾಯುತ್ತಿತ್ತು. ಎಲ್ಲವನ್ನೂ ನಮ್ಮದೇ ಸರ್ವರಿನ ಫೋಲ್ಡರಿಗೆ ಇಳಿಸಿ ವಿಳಾಸ ಬದಲಿಸಿದ ಮೇಲೆ ಪುಟ ತಕ್ಷಣ ಬಂತು.

ಇನ್ನೂ ಸೊಗಸಾದ ಪ್ರಕರಣಗಳಿವೆ. ನಾನು ರೋಬಾಟ್ ಅಲ್ಲ ಎಂದು ಟಿಕ್ ಮಾಡುವ ಚೌಕ ಲಾಗಿನ್ ಪುಟದಲ್ಲಿ. ಆ ಚೌಕ ಬರುವುದೇ ಗೂಗಲಿನಿಂದ. ಮೊಬೈಲಿಗೆ ಒಟಿಪಿ ಕಳಿಸದೆ ಒಳಗೆ ಬಿಡದ ಅಪ್ಲಿಕೇಶನ್. ಸರ್ವರ್‌ನಿಂದ ಎಸ್‌ಎಂಎಸ್ ಗೇಟ್‌ವೇಗೆ ದಾರಿಯೇ ಇಲ್ಲ, ಇದ್ದರೂ ಆ ವಿಭಾಗದೊಳಗೆ ಮೊಬೈಲ್ ಒಯ್ಯುವಂತಿಲ್ಲ.

ಒಂದು ಗುಟ್ಟು ಹೇಳಿಕೊಡುತ್ತೇನೆ, ಪುಸ್ತಕಗಳಲ್ಲಿ ಇದಕ್ಕೆ ಕೊಡಬೇಕಾದಷ್ಟು ಜಾಗ ಕೊಟ್ಟಿಲ್ಲ. ಅಪ್ಲಿಕೇಶನ್ ‘ನಿಧಾನ’ ಎಂದು ದೂರು ಬಂದರೆ ಕೈಯಲ್ಲಿ ಗಡಿಯಾರ ಹಿಡಿದು ಕೂರಿ. ಎಷ್ಟು ನಿಧಾನ ಎಂಬುದೇ ರೋಗದ ಹೆಸರು ಹೇಳುತ್ತದೆ. ಸರಿಯಾಗಿ 5 ಸೆಕೆಂಡ್ ಅಥವಾ 10 ಸೆಕೆಂಡ್ ನಿಂತು ಮುಂದೆ ಹೋಯಿತೇ? ಡಿಎನ್‌ಎಸ್. ಲಿನಕ್ಸ್ ಒಂದು ಹೆಸರನ್ನು ಕೇಳಿ 5 ಸೆಕೆಂಡ್ ಕಾಯುತ್ತದೆ, ಉತ್ತರ ಇಲ್ಲದಿದ್ದರೆ ಇನ್ನೊಮ್ಮೆ ಕೇಳುತ್ತದೆ. ಎರಡು ನಿಮಿಷ ದಾಟಿ, 127 ಸೆಕೆಂಡಿನ ಹತ್ತಿರ ಹೋಗಿ ಬಿದ್ದಿತೇ? ಯಾವುದೋ ಐಪಿ ವಿಳಾಸಕ್ಕೆ ಟಿಸಿಪಿ ಸಂಪರ್ಕ ಮಾಡಲು ಹೋಗಿದೆ, ಫೈರ್‌ವಾಲ್ ಇಲ್ಲ ಎಂದೂ ಹೇಳದೆ ಪ್ಯಾಕೆಟ್ಟನ್ನು ನುಂಗಿದೆ. ಲಿನಕ್ಸ್ ಆರು ಸಲ ಮತ್ತೆ ಬಾಗಿಲು ತಟ್ಟಿ ಕೈಬಿಡುವ ಹೊತ್ತಿಗೆ ಅಷ್ಟಾಗುತ್ತದೆ. ವಿಂಡೋಸಿನಲ್ಲಿ ಅದೇ ಕಾಯುವಿಕೆ ಸಾಮಾನ್ಯವಾಗಿ 21 ಸೆಕೆಂಡ್. ಹಳೇ ಡಾಟ್‌ನೆಟ್ ಸರ್ವಿಸ್ ಏಳಲು ತಡ ಮಾಡುತ್ತಿದ್ದರೆ, ತನ್ನ ಡಿಜಿಟಲ್ ಸಹಿ ರದ್ದಾಗಿದೆಯೇ ಎಂದು ಹೊರಗೆ ವಿಚಾರಿಸಲು ಹೋಗಿ ಕೂತಿರುತ್ತದೆ. ಬೇಡ ಎನ್ನಲು ಒಂದು ಸಾಲಿನ ಕಾನ್ಫಿಗ್ ಸಾಕು. ಫೈರ್‌ವಾಲ್ ನೋಡಿಕೊಳ್ಳುವ ನಮ್ಮವರಿಗೂ ಒಂದು ಮಾತು: ಒಳಗಿನ ಜಾಲದಲ್ಲಿ ಪ್ಯಾಕೆಟ್ಟನ್ನು ಸುಮ್ಮನೆ ನುಂಗಬೇಡಿ, ಆಗುವುದಿಲ್ಲ ಎಂದು ಮುಖಕ್ಕೆ ಹೇಳಿಸಿ. ದೋಷ ಎರಡು ನಿಮಿಷದ ಬದಲು ಅರೆಕ್ಷಣದಲ್ಲಿ ಸಿಗುತ್ತದೆ.

ಜಾವಾದವರಿಗೆ ಇನ್ನೊಂದು. ಎಕ್ಸ್‌ಎಂಎಲ್ ಫೈಲಿನ ನೆತ್ತಿಯಲ್ಲಿ ಒಂದು ಡಿಟಿಡಿ ವಿಳಾಸ ಇರುತ್ತದೆ. ಅದು ಬರಿ ಹೆಸರು ಎಂದು ನೀವು ತಿಳಿದಿರುತ್ತೀರಿ, ಪಾರ್ಸರ್ ಅದನ್ನು ತರಲು ಹೊರಟಿರುತ್ತದೆ. ಹೀಗೆ ಜಗತ್ತಿನ ಸಾಫ್ಟ್‌ವೇರುಗಳೆಲ್ಲ ತಮ್ಮ ಬಾಗಿಲಿಗೆ ಬಂದು ದಿನಕ್ಕೆ 13 ಕೋಟಿ ಸಲದವರೆಗೆ ಅದದೇ ಫೈಲು ಕೇಳುತ್ತಿವೆ ಎಂದು ಡಬ್ಲ್ಯೂ3ಸಿ 2008ರಲ್ಲಿ ಗೋಳು ಹೇಳಿಕೊಂಡಿತ್ತು.

ಈಗ ಕನ್ನಡದ ವಿಷಯ. ಇಲ್ಲಿ ನನಗೆ ಸ್ವಲ್ಪ ಸಿಟ್ಟಿದೆ.

ಮುಚ್ಚಿದ ಜಾಗದಿಂದ ಡೇಟಾ ಹೊರಗೆ ಬರುವುದಿಲ್ಲ. ಆದ್ದರಿಂದ ನಿಮ್ಮ ಆಫೀಸಿನಲ್ಲಿ ನೀವು ಇಂಗ್ಲಿಷಿನ ಸುಳ್ಳು ಹೆಸರು ಹಾಕಿ ಪರೀಕ್ಷೆ ಮಾಡುತ್ತೀರಿ. ಊರಿನ ಹೆಸರಿಗೆ 30 ಎಂದು ಜಾಗ ಇಡುತ್ತೀರಿ. ಒರಾಕಲ್ ಡೇಟಾಬೇಸಿನಲ್ಲಿ ಆ 30 ಎಂಬುದು, ನೀವು ಬೇರೆ ಹೇಳದಿದ್ದರೆ, ಅಕ್ಷರದ ಲೆಕ್ಕವಲ್ಲ, ಬೈಟಿನ ಲೆಕ್ಕ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ, ಅಂದರೆ ವ್ಯಂಜನಕ್ಕೂ ಅದರ ಕೊಂಬಿಗೂ ಗುಡಿಸಿಗೂ ಬೇರೆಬೇರೆಯಾಗಿ, ಮೂರು ಮೂರು ಬೈಟು. ‘ನಂಜನಗೂಡು’ ಬರೆಯಿರಿ: ಎಂಟು ಸಂಕೇತ, 24 ಬೈಟು. ಹಿಡಿಯಿತು. ಈಗ ‘ತಿರುಮಕೂಡಲು ನರಸೀಪುರ’ ಬರೆಯಿರಿ. ‘ತಿರುಮಕೂಡಲು’ ಮುಗಿಯುವ ಹೊತ್ತಿಗೆ ಹತ್ತು ಸಂಕೇತ, ಸರಿಯಾಗಿ 30 ಬೈಟು. ಪಾತ್ರೆ ತುಂಬಿತು. ನರಸೀಪುರಕ್ಕೆ ಜಾಗವಿಲ್ಲ. ಪೂರಾ ಹೆಸರಿಗೆ ನಡುವಿನ ಖಾಲಿ ಜಾಗವೂ ಸೇರಿ 52 ಬೈಟು ಬೇಕು. ಒರಾಕಲ್ 12899 ಎಂಬ ನಂಬರಿನ ದೋಷ ಎಸೆಯುತ್ತದೆ. ನಿಮ್ಮ ಅಪ್ಲಿಕೇಶನ್ ಅದನ್ನು ನುಂಗಿಕೊಂಡು ‘ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ’ ಎಂದು ಇಂಗ್ಲಿಷಿನಲ್ಲಿ ಹೇಳುತ್ತದೆ. ಕೌಂಟರಿನ ಹುಡುಗಿ ಪಾಪ ಮತ್ತೆ ಮತ್ತೆ ಪ್ರಯತ್ನಿಸುತ್ತಾಳೆ. ನಂಜನಗೂಡಿನವರ ಅರ್ಜಿ ಎಲ್ಲ ಹೋಗುತ್ತದೆ, ನರಸೀಪುರದವರದು ಮಾತ್ರ ಹೋಗುವುದಿಲ್ಲ. ಇದನ್ನು ನೆಟ್‌ವರ್ಕ್ ಸಮಸ್ಯೆ ಎಂದು ನಿಮ್ಮಲ್ಲೊಬ್ಬರು ವರದಿ ಬರೆದುಕೊಟ್ಟು ಹೋಗಿದ್ದರು!

ಪ್ರಿಂಟಿನ ಕಥೆ ಬೇರೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕನ್ನಡ ಫಾಂಟ್ ಇದೆ, ಬ್ರೌಸರಿನಲ್ಲಿ ಚೆನ್ನಾಗಿ ಕಾಣುತ್ತದೆ. ಪಿಡಿಎಫ್ ತಯಾರಾಗುವುದು ಮಾತ್ರ ಸರ್ವರಿನಲ್ಲಿ. ಕನಿಷ್ಠ ಸಾಮಾನಿನೊಂದಿಗೆ ಹಾಕಿದ ಲಿನಕ್ಸಿನಲ್ಲಿ ಕನ್ನಡ ಫಾಂಟ್ ಇರುವುದಿಲ್ಲ, ಪ್ರಮಾಣಪತ್ರದ ತುಂಬ ಖಾಲಿ ಚೌಕಗಳು. ನೋಟೊ ಸ್ಯಾನ್ಸ್ ಕನ್ನಡ ಬಿಟ್ಟಿಯಾಗಿ ಸಿಗುತ್ತದೆ, ಜೊತೆಗೆ ತನ್ನಿ. ಫಾಂಟ್ ಇದ್ದರೂ ಸಾಲದು. ಕೆಲವು ಪಿಡಿಎಫ್ ಲೈಬ್ರರಿಗಳಿಗೆ ಅಕ್ಷರ ಜೋಡಿಸಲು ಬರುವುದಿಲ್ಲ. ಒತ್ತು ಕೆಳಗೆ ಇಳಿಯದೆ ಸಾಲಿನಲ್ಲೇ ನಿಂತಿರುತ್ತದೆ, ಅರ್ಕಾವತ್ತು ತನ್ನ ಜಾಗ ಬಿಟ್ಟಿರುತ್ತದೆ. ಪರೀಕ್ಷೆಗೆ ದೂರ ಹೋಗಬೇಕಿಲ್ಲ, ನಮ್ಮ ದೇವರುಗಳೇ ಸಾಕು. ನಂಜನಗೂಡಿನ ಶ್ರೀಕಂಠೇಶ್ವರ, ನರಸೀಪುರದ ಗುಂಜಾ ನರಸಿಂಹಸ್ವಾಮಿ, ಸಂಗಮದ ಅಗಸ್ತ್ಯೇಶ್ವರ, ಜೊತೆಗೆ ಸ್ಫಟಿಕ ಸರೋವರ. ‘ಸ್ತ್ಯೇ’ ಎಂಬ ಒಂದಕ್ಷರ ಸರಿಯಾಗಿ ಮೂಡಿದರೆ ಮಿಕ್ಕದ್ದು ಬಹುಪಾಲು ಸರಿ ಎಂದೇ ಲೆಕ್ಕ.

ಪ್ಯಾಕೇಜುಗಳ ಬಗ್ಗೆ ನಿಮಗೆ ನಾನು ಪಾಠ ಹೇಳಬೇಕಿಲ್ಲ. ಆದರೂ ಸರ್ವರ್ ಮುಂದೆ ಕೂತು ‘ಎನ್‌ಪಿಎಂ ಇನ್‌ಸ್ಟಾಲ್’ ಎಂದು ಹೊಡೆದು ಚಕ್ರ ತಿರುಗುವುದನ್ನು ನೋಡುತ್ತಾ ಇರುವವರು ಈಗಲೂ ಬರುತ್ತಿದ್ದಾರೆ. ಪಿಪ್‌ನಲ್ಲಿ ಎಲ್ಲವನ್ನೂ ಮೊದಲೇ ಒಂದು ಫೋಲ್ಡರಿಗೆ ಇಳಿಸಿಕೊಂಡು, ಹೊರಗಿನ ಸೂಚಿಯನ್ನು ನೋಡದೆ ಆ ಫೋಲ್ಡರಿನಿಂದಲೇ ಹಾಕು ಎನ್ನಬಹುದು. ಡಾಕರ್ ಇಮೇಜನ್ನು ಒಂದು ಫೈಲಾಗಿ ಉಳಿಸಿ ಇಲ್ಲಿ ಬಿಚ್ಚಬಹುದು. ಹಾಗೆ ತಂದವರೂ ಎಡವುವ ಜಾಗ ಮೂರಿವೆ. ನಿಮ್ಮ ಹೊಸ ಮ್ಯಾಕ್‌ಬುಕ್ಕಿನ ಚಿಪ್ ಆರ್ಮ್ ಜಾತಿಯದು, ಇಲ್ಲಿಯದು ಇಂಟೆಲ್; ಅಲ್ಲಿ ಕಟ್ಟಿದ ಇಮೇಜು ಇಲ್ಲಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದು ಕೈಕೊಡುತ್ತದೆ. ಎರಡನೆಯದು, ಪಪೆಟಿಯರ್‌ನಂಥ ಪ್ಯಾಕೇಜು ಇನ್‌ಸ್ಟಾಲ್ ಆಗುವಾಗ ತಾನೇ ಒಂದು ಕ್ರೋಮ್ ಬ್ರೌಸರನ್ನು ಹೊರಗಿನಿಂದ ಇಳಿಸಿಕೊಳ್ಳಲು ಹೋಗುತ್ತದೆ. ಮೂರನೆಯದು ನಗು ತರಿಸುವಂಥದ್ದು. ಫ್ಯಾಟ್32 ಮಾದರಿಯ ಪೆನ್‌ಡ್ರೈವಿನಲ್ಲಿ 4 ಜಿಬಿ ಮೀರಿದ ಒಂದು ಫೈಲು ಹಿಡಿಯುವುದಿಲ್ಲ. ಇಮೇಜು ಐದು ಜಿಬಿ, ಪೆನ್‌ಡ್ರೈವ್ 64 ಜಿಬಿ, ಆದರೂ ಜಾಗವಿಲ್ಲ ಎಂದರೆ ಗಾಬರಿಯಾಗಬೇಡಿ, ಎಕ್ಸ್‌ಫ್ಯಾಟ್ ಮಾಡಿಕೊಂಡು ಬನ್ನಿ.

ಹೊರಗಿನ ಪ್ಯಾಕೇಜುಗಳ ಈ ಸಾಲ ನೆಟ್ ಇರುವ ಕಡೆಯೂ ಅಪಾಯವೇ. 2016ರ ಮಾರ್ಚಿನಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ 11 ಸಾಲಿನ ಪ್ಯಾಕೇಜನ್ನು ಬರೆದವನು ಎನ್‌ಪಿಎಂನಿಂದ ತೆಗೆದುಹಾಕಿದ್ದೇ ತಡ, ಜಗತ್ತಿನಾದ್ಯಂತ ದೊಡ್ಡ ದೊಡ್ಡ ಕಂಪನಿಗಳ ಬಿಲ್ಡ್ ನಿಂತುಹೋಗಿತ್ತು.

ಮೇಲೆ ಪೆನ್‌ಡ್ರೈವಿನ ಮಾತು ಬಂತು. ಗೇಟಿನಲ್ಲಿ ಅದನ್ನು ಕಿತ್ತುಕೊಂಡು ಸ್ಕ್ಯಾನ್ ಮಾಡಿಸುತ್ತಾರೆ ಎಂದು ಗೊಣಗಬೇಡಿ. 2010ರಲ್ಲಿ ಬಯಲಿಗೆ ಬಂದ ಕುತಂತ್ರಾಂಶ ಸ್ಟಕ್ಸ್‌ನೆಟ್, ಹೊರಜಗತ್ತಿಗೆ ತಂತಿಯೇ ಇಲ್ಲದ ಇರಾನಿನ ನಟಾಂಜ್ ಅಣು ಘಟಕದೊಳಗೆ ಹೋಗಲು ಬಳಸಿದ ದಾರಿ ಇದೇ ಎಂಬುದು ಸಾಮಾನ್ಯ ಅಭಿಪ್ರಾಯ. ನಮ್ಮ ಕೂಡಂಕುಳಂ ಅಣುಸ್ಥಾವರದಲ್ಲಿ 2019ರಲ್ಲಿ ಆಡಳಿತ ವಿಭಾಗದ ಜಾಲದಲ್ಲಿದ್ದ ಒಂದು ಕಂಪ್ಯೂಟರಿನಲ್ಲಿ ಕುತಂತ್ರಾಂಶ ಸಿಕ್ಕಿದ್ದನ್ನು ಸ್ಥಾವರ ನಡೆಸುವ ಎನ್‌ಪಿಸಿಐಎಲ್ ಒಪ್ಪಿಕೊಂಡಿತು. ರಿಯಾಕ್ಟರಿನ ನಿಯಂತ್ರಣ ವ್ಯವಸ್ಥೆ ಬೇರೆಯಾಗಿಯೇ ಇತ್ತು. ನೀವು ತರುವ ಪ್ರತಿ ಫೈಲಿನ ಶಾ-256 ಮೊತ್ತವನ್ನು ಕಾಗದದ ಮೇಲೆ ಪ್ರಿಂಟು ಹಾಕಿ ಬೇರೆಯಾಗಿ ತನ್ನಿ. ದಾರಿಯಲ್ಲಿ ಫೈಲು ಕೆಟ್ಟಿದ್ದರೂ ಅಲ್ಲೇ ಗೊತ್ತಾಗುತ್ತದೆ.

ಗಡಿಯಾರವನ್ನು ಯಾರೂ ನೆನೆಯುವುದಿಲ್ಲ. ಹಬ್ಬದ ರಜೆಗೆ ಸರ್ವರ್ ಆರಿಸಿ ಹೋಗಿರುತ್ತಾರೆ, ಮದರ್‌ಬೋರ್ಡಿನ ಸಿಆರ್2032 ಎಂಬ ನಾಣ್ಯದಷ್ಟಗಲದ ಸೆಲ್ ಸತ್ತಿರುತ್ತದೆ. ಮರಳಿ ಹಚ್ಚಿದಾಗ ತಾರೀಖು ಹಲವು ವರ್ಷ ಹಿಂದೆ. ನೆಟ್ ಇದ್ದಿದ್ದರೆ ತಾನೇ ಸರಿಹೋಗುತ್ತಿತ್ತು. ಇಲ್ಲಿ ನಿಮ್ಮ ಟಿಎಲ್‌ಎಸ್ ಸರ್ಟಿಫಿಕೇಟ್ ‘ಇನ್ನೂ ಜಾರಿಗೆ ಬಂದಿಲ್ಲ’ ಎನ್ನುತ್ತದೆ, ಲಾಗಿನ್ ಟೋಕನ್ ಹುಟ್ಟುವ ಮೊದಲೇ ಸಾಯುತ್ತದೆ, ವಿಂಡೋಸ್ ಡೊಮೇನ್ ಆದರೆ ಐದು ನಿಮಿಷದ ವ್ಯತ್ಯಾಸಕ್ಕೇ ಬಾಗಿಲು ಹಾಕುತ್ತದೆ. ಯಾರು ಯಾವಾಗ ತಿದ್ದಿದರು ಎಂಬ ದಾಖಲೆಯೂ ಆ ತಪ್ಪು ತಾರೀಖಿನಲ್ಲೇ ಬೀಳುತ್ತದೆ, ಔಷಧ ಕಾರ್ಖಾನೆಯಲ್ಲಿ ಅದು ಸಣ್ಣ ಮಾತಲ್ಲ. ಸರ್ವರ್‌ಗಳೆಲ್ಲ ಎನ್‌ಐಸಿ, ಎನ್‌ಪಿಎಲ್ ಅಥವಾ ಅವಕ್ಕೆ ಹೊಂದಿಸಿದ ಗಡಿಯಾರವನ್ನೇ ಅನುಸರಿಸಬೇಕು ಎಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶಿಸಿತು. ಒಳಜಾಲಕ್ಕೆ ಅಂಥದ್ದೊಂದು ಗಡಿಯಾರ ಇದೆಯೇ ಎಂದು ನೀವು ಮೊದಲೇ ಕೇಳಬೇಕು, ನಾವು ಇದೆ ಅಥವಾ ಇಲ್ಲ ಎಂದು ನೇರವಾಗಿ ಹೇಳಬೇಕು.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ, ಪತ್ರ ಒಂದು ಕಣ್ಣಿನದಾಗಬಾರದು. ಸರ್ವರಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಂ, ಯಾವ ಆವೃತ್ತಿ, ಡಿಸ್ಕಿನಲ್ಲಿ ಎಷ್ಟು ಜಾಗ, ಯಾವ ಪೋರ್ಟ್ ತೆರೆದಿದೆ ಎಂದು ನೀವು ಮೇಲ್ ಹಾಕಿದರೆ ಬಹಳ ಕಡೆ ಉತ್ತರವೇ ಬರುವುದಿಲ್ಲ. ‘ಬಂದು ನೋಡ್ಕೊಳಿ’ ಅನ್ನುತ್ತಾರೆ. ಇದು ಭದ್ರತೆಯಲ್ಲ, ಸೋಮಾರಿತನ. ಉತ್ತರ ಬರದೆ ಗಾಡಿ ಹತ್ತಬೇಡಿ. ಮೈಸೂರಿನಿಂದ ನಂಜನಗೂಡು 25 ಕಿ.ಮೀ. ಒಳಗೇ ಇರಬಹುದು, ಮರೆತ ಫೈಲು ತರಲು ಹೋಗಿಬರಬಹುದು ಎನ್ನಿಸಬಹುದು. 2018ರ ಆಗಸ್ಟಿನಲ್ಲೂ 2019ರ ಆಗಸ್ಟಿನಲ್ಲೂ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಯೇ ಮುಳುಗಿತ್ತು, ಅಂಥ ದಿನ ಯಾವ ಫೈಲು ತರುತ್ತೀರಿ?

ಕೆಲಸ ಮುಗಿಸಿ ಇಲ್ಲಿಂದ ಹೊರಡುವ ಮುನ್ನ ಸರ್ವರನ್ನು ಒಮ್ಮೆ ಪೂರ್ತಿ ಆರಿಸಿ ಹಚ್ಚಿ. ನೀವು ಕೈಯಲ್ಲಿ ಎಬ್ಬಿಸಿದ ಪ್ರೋಗ್ರಾಂ ತಾನಾಗಿ ಏಳುತ್ತದೆಯೇ ನೋಡಿ. ಕರೆಂಟು ಹೋಗುವುದು, ಯುಪಿಎಸ್ ಕೈಕೊಡುವುದು ನೀವು ಊರು ಸೇರಿದ ಮೇಲೆಯೇ. ಆಗ ಅಲ್ಲಿರುವವರು ನೀವಲ್ಲ, ನಾನೂ ಅಲ್ಲ, ರಾತ್ರಿ ಪಾಳಿಯ ಒಬ್ಬ ಆಪರೇಟರ್. ಅವರು ದೋಷದ ಫೋಟೋ ತೆಗೆದು ಕಳಿಸುವಂತಿಲ್ಲ, ನೀವು ದೂರದಿಂದ ಒಳಗೆ ಇಣುಕುವಂತಿಲ್ಲ. ಫೋನಿನಲ್ಲಿ ಓದಿ ಹೇಳಲು ಬರುವಂಥ ದೋಷದ ಸಾಲು ಇರಲಿ, ಕನ್ನಡದಲ್ಲಿರಲಿ, ಪಕ್ಕದಲ್ಲೊಂದು ನಂಬರ್ ಇರಲಿ. ಲಾಗ್ ಎಲ್ಲಿದೆ, ನಿಲ್ಲಿಸುವುದು ಹೇಗೆ, ಎಬ್ಬಿಸುವುದು ಹೇಗೆ, ಹಿಂದಿನ ಆವೃತ್ತಿಗೆ ಮರಳುವುದು ಹೇಗೆ ಎಂದು ಒಂದೇ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿ.

ಕಡೆಗೆ ಕೇಳಿಕೊಳ್ಳುವುದು ಒಂದೇ. ಬರುವ ವಾರಕ್ಕೆ ಮೊದಲು ನಿಮ್ಮ ಆಫೀಸಿನಲ್ಲಿ ಒಂದು ಬೋಳು ಯಂತ್ರ ತೆಗೆದುಕೊಳ್ಳಿ. ನಾವು ಹೇಳಿದ ಆವೃತ್ತಿಯ ಆಪರೇಟಿಂಗ್ ಸಿಸ್ಟಂ ಹಾಕಿ. ನೆಟ್‌ವರ್ಕ್ ತಂತಿ ಕಿತ್ತಿಡಿ, ವೈ-ಫೈ ಆರಿಸಿ, ಮೊಬೈಲಿನ ಹಾಟ್‌ಸ್ಪಾಟೂ ಬೇಡ. ಪೆನ್‌ಡ್ರೈವ್ ಒಂದರಿಂದಲೇ ಅಪ್ಲಿಕೇಶನ್ ಹಾಕಿ, ‘ತಿರುಮಕೂಡಲು ನರಸೀಪುರ’ ಎಂದು ಟೈಪಿಸಿ, ಪಿಡಿಎಫ್ ತೆಗೆಯಿರಿ. ಅಲ್ಲಿ ಓಡಿದರೆ ಮಾತ್ರ ಗೇಟ್‌ಪಾಸಿಗೆ ನಿಮ್ಮ ಹೆಸರು ಕಳಿಸಿ.

ಇತಿ,
ನಂಜನಗೂಡಿನಿಂದ ನಿಮ್ಮವ
ಒಬ್ಬ ಸಿಸ್ಟಂ ಅಡ್ಮಿನ್